ಗಾಯಕ್ಕಿಂತ ಮೊದಲು ಕೇಳಿದ ಪ್ರಶ್ನೆ

ಅಕ್ಟೋಬರ್ 9, ಗುರುವಾರ

ಆ ಪ್ರಶ್ನೆ ನನ್ನ ಬಾಯಿಂದ ಯಾಕಾದರೂ ಬಂತೋ.

ನಮ್ಮದು ಒಂದೇ ಕಟ್ಟಡ, ಎರಡು ಶಾಲೆ. ಬೋಸ್ನಿಯಾಕ್ ಅಂದರೆ ಮುಸ್ಲಿಂ ಮಕ್ಕಳಿಗೆ ಒಂದು ಬಾಗಿಲು, ಕ್ರೊವಾಟ್ ಅಂದರೆ ಕ್ರೈಸ್ತ ಮಕ್ಕಳಿಗೆ ಇನ್ನೊಂದು, ಅಂಗಳದ ನಡುವೆ ತಂತಿ ಬೇಲಿ. ನೋವು ಮಾತ್ರ ಎರಡೂ ಕಡೆ ಒಂದೇ ಅಂತ ಬೆಳಿಗ್ಗೆ ತಾನೇ ಪಾಠ ಮಾಡಿದ್ದೆ.

ಶಾಲೆ ಬಿಟ್ಟಾಗ ಗೇಟಿನ ಹೊರಗೆ ಒಂದು ಪುಟ್ಟ ಹುಡುಗಿ ಬಿದ್ದಳು. ನನಗೆ ಗುರುತಿಲ್ಲದ ಮುಖ. ಮೊಣಕಾಲಿಂದ ರಕ್ತ ಇಳಿಯುತ್ತಿತ್ತು. ಕರವಸ್ತ್ರ ಹಿಡಿದು ಬಗ್ಗಿದವಳು ಕೇಳಿದೆ, "ಯಾರ ಮಗಳಮ್ಮ ನೀನು? ಹೆಸರೇನು?"

ಮಗು ಅಳು ನುಂಗಿ ತುಟಿ ಬಿಗಿಹಿಡಿಯಿತು. ಹೆಸರು ಹೇಳಿದರೆ ಯಾವ ಬಾಗಿಲಿನವಳು ಅಂತ ಗೊತ್ತಾಗುತ್ತದೆ. ಅದು ಆ ವಯಸ್ಸಿಗೇ ಅವಳಿಗೆ ತಿಳಿದಿದೆ.

ನನ್ನ ತರಗತಿಯ ವಿಲ್ದಾನ ಪಕ್ಕದಲ್ಲೇ ಇದ್ದಳು. ಕರವಸ್ತ್ರ ಕಿತ್ತುಕೊಂಡಳು.

"ಟೀಚರ್, ಮೊದ್ಲು ರಕ್ತ ಒರೆಸೋಣ. ಹೆಸರೇನು ಓಡಿಹೋಗುತ್ತಾ?"

ಆಮೇಲೆ ಆ ಹುಡುಗಿಗೆ, "ಉರಿಯುತ್ತಾ? ಊದ್ಲಾ?" ಅಂದಳು. ಮುಂದಿನ ಎರಡು ಹಲ್ಲಿಲ್ಲದ ಬಾಯಲ್ಲಿ ಊದಿದರೆ ಗಾಳಿಗಿಂತ ಎಂಜಲೇ ಹೆಚ್ಚು. ಮಗು ಕಣ್ಣೀರಲ್ಲೇ ನಕ್ಕುಬಿಟ್ಟಿತು. ಕುಂಟುತ್ತ ಹೊರಟುಹೋಯಿತು. ವಿಲ್ದಾನ ಕೊನೆಗೂ ಹೆಸರು ಕೇಳಲಿಲ್ಲ.

ಬಾಗಿಲು ತೆಗೆಯುವ ಮೊದಲು ಹೆಸರು ಕೇಳು ಅಂತ, ಈ ಎರಡೂ ಕಡೆಯವರು ಕಾದಾಡಿದ ಯುದ್ಧದ ದಿನಗಳಲ್ಲಿ ಅಮ್ಮ ಕಲಿಸಿದ್ದಳು. ಅದರಿಂದಲೇ ನಾವು ಬದುಕಿಕೊಂಡೆವು. ಯುದ್ಧ ಮುಗಿದು ಮೂವತ್ತು ವರ್ಷವಾಯಿತು.

ಇವತ್ತಾದರೂ ಆ ಮಗುವಿನ ಹೆಸರು ತಿಳಿಯದೆಯೇ ಮಲಗಬೇಕು. ದೀಪ ಆರಿಸುತ್ತೇನೆ. ಆದರೂ ಅವಳು ಯಾರ ಮಗಳಿರಬಹುದು ಅಂತ ಮನಸ್ಸು ಇನ್ನೂ ಕೇಳುತ್ತಲೇ ಇದೆ.