ನಾಲ್ಕೂವರೆ ಗಂಟೆಯ ದಾರಿ

ಇಕ್ಕ,

ಬೆಳಿಗ್ಗೆ ಅಕ್ಕಿಹಿಟ್ಟಿನ ಪತ್ತಿರಿ ಲಟ್ಟಿಸುತ್ತಿದ್ದೆ. ನಮ್ಮ ಮಗಳು ಹಿಬಾ ಕೇಳಿದ ಮಾತಿಗೆ ಲಟ್ಟಣಿಗೆ ಕೈಯಲ್ಲೇ ನಿಂತಿತು.

ಬೇಯಿಸಿದಷ್ಟು ಡಬ್ಬಿಯಲ್ಲಿದೆ. ಎದ್ದ ಮೇಲೆ ಮೀನು ಸಾರು ಬಿಸಿ ಮಾಡಿಕೊಳ್ಳಿ. ನೀವು ತಂದ ಸೋಪು, ಅತ್ತರು ಹಂಚಿಕೊಳ್ಳಲು ನಿಮ್ಮ ತಂಗಿಯರು ಬರುತ್ತಾರೆ. ನನಗೇನೂ ತೆಗೆದಿಡಬೇಡಿ.

ನಿಮ್ಮ ಉಮ್ಮ ತೀರಿಕೊಂಡಾಗಲೂ ನೀವು ಬರಲಿಲ್ಲ. "ದೋಹಾ ಎರಡು ದಿನದ ದಾರಿ, ಮೋಳೇ" ಎಂದು ಮಗುವಿಗೆ ನಾನೇ ಸುಳ್ಳು ಹೇಳಿದ್ದೆ. ನಿನ್ನೆ ನೀವು ವಿಮಾನ ಹತ್ತುತ್ತೇನೆಂದು ಫೋನು ಇಟ್ಟಾಗಿನಿಂದ, ಕರಿಪ್ಪೂರು ವಿಮಾನ ನಿಲ್ದಾಣದಲ್ಲಿ ಇಳಿದೆನೆಂದು ಮತ್ತೆ ಫೋನು ಮಾಡುವವರೆಗೂ ಅವಳು ಗಡಿಯಾರ ನೋಡುತ್ತಲೇ ಇದ್ದಳು.

ಅವಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ನಾಲ್ಕಕ್ಕೆ ಅವಳು ಬಂದಾಗ ಮನೆಯಲ್ಲೇ ಇರಿ. ನಿಮ್ಮ ಪರವಾಗಿ ಇನ್ನು ಸುಳ್ಳು ಹೇಳಲಾರೆ. ಅವಳು ಕೇಳಿದ್ದು ಇಷ್ಟೇ:

"ನಾಲ್ಕೂವರೆ ಗಂಟೆ ದಾರಿಗೆ ಬಾಪ್ಪನಿಗೆ ನಾಲ್ಕು ವರ್ಷ ಯಾಕೆ ಬೇಕಾಯ್ತು, ಉಮ್ಮಾ?"