ಒಂದೇ ಹಾಸಿಗೆ

ಆಂಟಾಪ್ ಹಿಲ್, ಮುಂಬಯಿ
ಜೂನ್ ೧೯೮೭

ಯೂನಿಯನ್ ಸೆಕ್ರೆಟರಿ ಸತ್ಯಮೂರ್ತಿ ಸಾಹೇಬರಿಗೆ ಗುರುಸಿದ್ದಪ್ಪನ ನಮಸ್ಕಾರಗಳು.

ನೀವು ಮ್ಯಾನೇಜರ ಹತ್ತಿರ ಮಾತಾಡಿದ್ದರಿಂದ ನನಗೆ ಹಗಲು ಪಾಳಿ ಸಿಕ್ಕಿತು. ಈಗ ತಲೆಸುತ್ತು ನಿಂತಿದೆ, ಉಂಡದ್ದು ಅರಗುತ್ತಿದೆ. ಭಾನುವಾರ ಮಾಟುಂಗಕ್ಕೆ ಹೋಗಿ ಹೊಟ್ಟೆತುಂಬ ಊಟ ಮಾಡಿ ಬಂದೆ. ಅಂದು ಪಾಳಿ ಬದಲಿಸಿಕೊಡಿ ಎಂದು ನಾನು ಕೈಮುಗಿದಾಗ ನೀವು, “ಬೇಡಿಕೊಳ್ಳೋದೇನ್ರೀ, ಇದು ನಿಮ್ಮ ಹಕ್ಕು” ಎಂದಿರಿ. ಆದರೂ ನಿಮ್ಮ ಉಪಕಾರವನ್ನು ಮರೆಯಲಾರೆ.

ನನ್ನ ರಾತ್ರಿ ಪಾಳಿಯನ್ನು ಈಗ ಶೆಟ್ಟೆಪ್ಪನಿಗೆ ಕೊಟ್ಟಿದ್ದಾರೆ. ಅವನೂ ನಮ್ಮ ಖೋಲಿಯಲ್ಲೇ ಇರುವವನು. ಜಾಗ ಸಾಲದ್ದಕ್ಕೆ ನಮ್ಮಿಬ್ಬರಿಗೂ ಒಂದೇ ಹಾಸಿಗೆ. ಮೊದಲು ಅದರಲ್ಲಿ ಹಗಲು ನಾನು ಮಲಗುತ್ತಿದ್ದೆ, ರಾತ್ರಿ ಅವನು. ಈಗ ಅದಲುಬದಲಾಗಿದೆ. ಸಂಜೆ ನಾನು ಬರುವ ಹೊತ್ತಿಗೆ, ಅವನು ಹೊರಳಾಡಿದ ಚಾದರ ಮುದ್ದೆಯಾಗಿ ಬಿದ್ದಿರುತ್ತದೆ. ಹಗಲು ಚಾಳಿನ ಗದ್ದಲದಲ್ಲಿ ನಿದ್ದೆ ಹತ್ತುವುದಿಲ್ಲವೆಂದು ನನಗೆ ಗೊತ್ತು. ಮೊನ್ನೆ ಅವನು ಮಶೀನಿನ ಪಕ್ಕದಲ್ಲೇ ತಲೆಸುತ್ತಿ ಬಿದ್ದ. ಕೇಳಿದರೆ, “ನೀ ಆರಾಮ ಆದ್ಯಲ್ಲಪಾ, ಅಷ್ಟ ಸಾಕು” ಎನ್ನುತ್ತಾನೆ.

ಸಾಹೇಬರೇ, ಆ ಹಕ್ಕು ಅವನಿಗೂ ಇದೆಯಲ್ಲವೇ? ವರ್ಷವಿಡೀ ರಾತ್ರಿ ಪಾಳಿ ಒಬ್ಬನ ತಲೆಗೇ ಬೇಡ, ಎಲ್ಲರಿಗೂ ಸರದಿ ಬರಲಿ ಎಂದು ಇನ್ನೊಮ್ಮೆ ಮಾತಾಡಿ.

ರಾತ್ರಿ ಪಾಳಿಯ ಸರದಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.

ನಿಮ್ಮ ಋಣಿ,
ಗುರುಸಿದ್ದಪ್ಪ