ಜೀವಂತ ಹವಳ ಮುಟ್ಟಬೇಡಿ

6 ಜನವರಿ 2025, ಸೋಮವಾರ

ಬಕೆಟ್ ಅಭ್ಯಾಸ, ಏಳನೇ ದಿನ. ಮಾಸ್ಕ್ ಹಾಕಿಕೊಂಡು ಬಚ್ಚಲಲ್ಲಿ ಮಂಡಿಯೂರಿ, ಬಕೆಟ್ ನೀರಿಗೆ ಮುಖ. ಕೊಳವೆಯಲ್ಲಿ ಉಸಿರು. ಹದಿನೆಂಟು ಎಣಿಸುವಷ್ಟರಲ್ಲಿ ಗಾಬರಿ. ಹೊರಗಿನಿಂದ ಅಮ್ಮ: "ಹೆಸ್ರು ಸಿಂಚನ, ನೀರು ಕಂಡ್ರೆ ಗಡಗಡ. ಬೇಗ ಬಾರೇ, ಬಟ್ಟೆ ನೆನೆಹಾಕ್ಬೇಕು." ಆಫೀಸಿನಲ್ಲೂ ವಿಷಯ ಗೊತ್ತಾಗಿ ನಗುತ್ತಾರೆ.

ಎಂ.ಎ. ಕನ್ನಡ ಮುಗಿಸಿ ಕುವೆಂಪುನಗರದ ಟ್ರಾವೆಲ್ಸ್‌ಗೆ ಸೇರಿ ಎರಡು ತಿಂಗಳು. ಈಗ ಅಂಡಮಾನ್ ಟೂರ್. ಕೆಸರೆಯ ಮಹಿಳಾ ಸಂಘದ ಹದಿನೆಂಟು ಜನ, ಓನರ್ ವಿಜಯ್‌ಕುಮಾರ್ ಸರ್, ನಾನು. ಸಂರಕ್ಷಿತ ಹವಳದ ದ್ವೀಪದಲ್ಲಿ ಎರಡು ದಿನ. ಮೊದಲ ದಿನ ಗಾಜಿನ ತಳದ ದೋಣಿ. ಎರಡನೆಯ ದಿನ ನೀರಿಗಿಳಿದು ನೋಡುವುದು, ಸ್ನಾರ್ಕ್ಲಿಂಗ್. ಆ ಪದಕ್ಕೆ ಕನ್ನಡ ಹುಡುಕಿದೆ. ಸಿಗಲಿಲ್ಲ.

ಮಾತಾಡುವ ಕೆಲಸ ಬೇಡ, ಬರೆಯುವ ಕೆಲಸ ಕೊಡಿ ಅಂದಿದ್ದೆ. ದ್ವೀಪದ ನಿಯಮಗಳನ್ನು ಕನ್ನಡಕ್ಕೆ ತರಲು ಹೇಳಿದ್ದಾರೆ.

9 ಜನವರಿ

ಹಾಳೆ ತೋರಿಸಿದೆ. ಸರ್ ನಾಲ್ಕನೇ ನಿಯಮದ ಮೇಲೆ ಬೆರಳಿಟ್ಟರು. 'ಜೀವಂತವಾಗಲಿ, ಸತ್ತದ್ದಾಗಲಿ, ಹವಳವನ್ನು ಮುಟ್ಟಬೇಡಿ, ತರಬೇಡಿ.'

"ಏನಮ್ಮ ಇದು, ಟೂರ್ ಹೊರಡೋ ಪೇಪರ್‌ನಲ್ಲಿ ಸತ್ತದ್ದು ಗಿತ್ತದ್ದು ಅಂತ? ಅಪಶಕುನ ಕಣಮ್ಮ. ವಿಮಾನ ಅಂದ್ರೆ ಮೊದಲೇ ಹೆದರಿ ಎಲ್ಲಾ ದೇವರಿಗೂ ಹರಕೆ ಹೊತ್ತವ್ರೆ ಹೆಂಗಸರು. ತೆಗಿ ಅದನ್ನ."

ತೆಗೆದೆ. 'ಜೀವಂತ ಹವಳವನ್ನು ಮುಟ್ಟಬೇಡಿ, ತರಬೇಡಿ.' ಓದಲು ಚೆನ್ನಾಗಿದೆ. ಆದರೆ ಅರ್ಥ ಬದಲಾಯಿತು. ಪೂರ್ತಿ ಬದಲಾಯಿತು. ಬರೀ ಹವಳ ಅಂತ ಇಡೋಣವೇ ಸರ್... ಇಷ್ಟೇ ಕೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ನಾನು ಜೆರಾಕ್ಸ್ ಅಂಗಡಿಗೆ ಹೋದೆ. ಇಪ್ಪತ್ತು ಪ್ರತಿ.

21 ಜನವರಿ, ಪೋರ್ಟ್ ಬ್ಲೇರ್, ಸಂಜೆ 6

ಇಲ್ಲಿ ಐದೂವರೆಗೇ ಕತ್ತಲು. ಹೊಂದಿಕೊಳ್ಳಲು ಆಗುತ್ತಿಲ್ಲ.

ಮಂಚಮ್ಮ ಹಾಳೆ ಹಿಡಿದು ನನ್ನ ರೂಮಿಗೆ ಬಂದರು. ಅರವತ್ತರ ಹತ್ತಿರ. ಓದು ಬಾರದು. ಸಂಘದ ಕಟ್ಟಡದ ಬೀಗದ ಕೈ ಹನ್ನೊಂದು ವರ್ಷದಿಂದ ಇರುವುದು ಇವರ ಸೊಂಟದಲ್ಲೇ. ಸಮುದ್ರಕ್ಕೂ ಸಿಕ್ಕಿಸಿಕೊಂಡು ಬಂದಿದ್ದಾರೆ. ಉಳಿದವರೆಲ್ಲ ನೀರು ಬೇಡ ಅನ್ನುವಾಗ ಇವರೊಬ್ಬರಿಗೇ ಆತುರ. "ಚಿಕ್ಕೋಳಿದ್ದಾಗ ನಾಲೇಲಿ ಈ ದಡದಿಂದ ಆ ದಡ ಈಜ್ತಿದ್ದೆ ಕಣವ್ವ. ಮದ್ವೆ ಆದ್ಮೇಲೆ ನೀರು ಅಂದ್ರೆ ಕೊಳಾಯಿ ನೀರೇಯ."

ಹಾಳೆ ಓದಿ ಹೇಳಿದೆ. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ಕಟ್ಟಿದ ಮನೆ ಅಂತಲೂ ಹೇಳಿದೆ. ಎದುರಿಗೆ ಒಬ್ಬರೇ ಇದ್ದರೆ ನನಗೂ ಮಾತು ಬರುತ್ತದೆ. ಅವರ ಕೈ ತಾಳಿಸರಕ್ಕೆ ಹೋಯಿತು. ಕರಿಮಣಿಯ ನಡುವೆ ಎರಡು ಕೆಂಪು ಹವಳ.

"ಅಂಗಾರೆ ಇದ್ಕೂ ಜೀವ ಇತ್ತಾ? ನಮ್ಮೆಜಮಾನ್ರು ಕಲ್ಲು ಕಲ್ಲು ಅಂತ ವಾದ ಮಾಡ್ತಾರೆ. ಒಂಚೂರು ತಕೊಂಡೋಗಿ ಮುಂದೆ ಇಟ್ಬುಟ್ರೆ ಬಾಯ್ ಮುಚ್ಕೊತಾರೆ. ಜೀವ ಇರೋದು ಮುಟ್ಬಾರ್ದು, ಸರಿ. ದಡದಲ್ಲಿ ಸತ್ತು ಬಿದ್ದಿರ್ತದಲ್ಲ, ಅದು ಪರ್ವಾಗಿಲ್ವಾ?"

ಆಗಲೇ ಸುಮಿತ್ರಮ್ಮ ಬಂದರು, ಸಂಘದ ಅಧ್ಯಕ್ಷೆ. ಹಿಂದೆ ಇನ್ನೂ ನಾಲ್ಕು ಜನ. ಎಲ್ಲರೂ ನನ್ನನ್ನೇ ನೋಡಿದರು. ಪ್ರಶ್ನೆ ಅವರಿಗೆ ಕೇಳಿಸಿರಲಿಲ್ಲ. ತಲೆ ಆಡಿಸಿದೆ. ಹೌದು ಅನ್ನುವ ಹಾಗೆ. ಹೌದು ಅಂದರೆ ಮಾತು ಬೇಗ ಮುಗಿಯುತ್ತದೆ.

ಬೆಳಿಗ್ಗೆ ಹೇಳಿದರಾಯಿತು.

22 ಜನವರಿ

ಬೆಳಿಗ್ಗೆ ಹೇಳಲಿಲ್ಲ.

23 ಜನವರಿ, ಮಧ್ಯಾಹ್ನ 3

ನಿನ್ನೆಯದು ಬರೆಯಲೇಬೇಕು. ದ್ವೀಪದಿಂದ ವಾಪಸ್ ಬಂದಾಗ ಜೆಟ್ಟಿಯಲ್ಲಿ ಎಲ್ಲರ ಬ್ಯಾಗ್ ತಪಾಸಣೆ. ಮಂಚಮ್ಮನ ಎಲೆಅಡಿಕೆ ಚೀಲದಲ್ಲಿ ಬೆರಳುದ್ದದ ಬಿಳಿ ತುಂಡು. ಅರಣ್ಯ ಇಲಾಖೆಯವನು ಹಿಂದಿಯಲ್ಲಿ ಕೂಗಾಡಿದ. "ಸತ್ತೋಗಿತ್ತು ಸ್ವಾಮಿ, ದಡದಲ್ಲೇ ಬಿದ್ದಿತ್ತು," ಅಂತ ಇವರು ಕನ್ನಡದಲ್ಲಿ. ಇಲಾಖೆಯವರು ತುಂಡು ಕಿತ್ತುಕೊಂಡರು. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಸರ್ ಎಲ್ಲರೆದುರೇ ಶುರು ಮಾಡಿದರು. "ಹಾಳೆ ಕೊಟ್ಟಿದ್ದೀವಲ್ಲ ಕಣ್ರೀ! ನಮ್ಮ ಪರ್ಮಿಟ್‌ಗೇ ಕುತ್ತು ತಂದ್ಬುಟ್ರಲ್ಲ! ನಾಳೆ ನೀವು ದೋಣಿ ಹತ್ತೋದೇ ಬೇಡ."

ಮಂಚಮ್ಮ ನನ್ನ ಕಡೆ ನೋಡಿದರು. ಒಂದೇ ಸಲ. ಆಮೇಲೆ ತಮ್ಮ ಚಪ್ಪಲಿ ನೋಡುತ್ತಾ ನಿಂತರು. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ.

ಇವತ್ತು ನೀರಿಗಿಳಿದೆ. ಬಕೆಟ್‌ಗಿಂತ ಸುಲಭ. ಕಿವಿಯಲ್ಲಿ ನನ್ನದೇ ಉಸಿರು. ಅದರ ಹಿಂದೆ ಚಟಚಟ ಸದ್ದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಇಡೀ ಸಮುದ್ರದ ತುಂಬ. ಒಂದು ಜಾತಿಯ ಸೀಗಡಿ ಮಾಡುವ ಸದ್ದಂತೆ. ತಾಳಿಯ ಕೆಂಪು ಎಲ್ಲೂ ಇಲ್ಲ. ಕಂದು, ಹಳದಿ, ಮಾಸಲು ನೇರಳೆ. ಒಂದು ಹವಳ ಶ್ಯಾವಿಗೆ ಒತ್ತಿಟ್ಟಂತೆ ಸುರುಳಿ ಸುರುಳಿ. ನೀಲಿ ಮೀನೊಂದು ಅದನ್ನು ಹಲ್ಲಿನಿಂದ ಕೆರೆಯುತ್ತಿತ್ತು. ಬಾಯಲ್ಲಿ ಕೊಳವೆ, ಯಾರೂ ಮಾತಾಡುವಂತಿಲ್ಲ. ನನಗಾಗಿಯೇ ಮಾಡಿದ ಜಾಗ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಗೈಡ್ ಬೆರಳು ತೋರಿಸಿದ. ಬಿಳಿಯ, ಸತ್ತ ಹವಳ. ಅದರ ಸಂದಿಯಿಂದ ಉಗುರಿನಷ್ಟು ಮೀನುಗಳು ಇಣುಕುತ್ತಿದ್ದವು. ಪಕ್ಕದಲ್ಲಿ ಗುಂಡುಸೂಜಿಯ ತಲೆಯಷ್ಟು ಹೊಸ ಹವಳ ಹುಟ್ಟಿಕೊಂಡಿತ್ತು. ಸತ್ತದ್ದರ ಮೇಲೇ.

ಚೆನ್ನಾಗಿದ್ದೇನೆ ಅಂತ ಹೆಬ್ಬೆರಳು ಎತ್ತಿದೆ. ನೀರಿನಲ್ಲಿ ಅದಕ್ಕೆ 'ಮೇಲಕ್ಕೆ ಕರೆದುಕೊಂಡು ಹೋಗು' ಅಂತ ಅರ್ಥವಂತೆ. ಎಳೆದು ದೋಣಿ ಹತ್ತಿಸಿಬಿಟ್ಟ. ಎಲ್ಲರೂ ನಕ್ಕರು. ಒಂದು ಸನ್ನೆ ತಪ್ಪಿದರೆ...

ಮಂಚಮ್ಮ ಹೋಟೆಲ್ ವರಾಂಡದಲ್ಲಿ ಕೂತಿದ್ದರು. "ಎಂಗಿತ್ತವ್ವ ನೀರು?"

"ಚೆನ್ನಾಗಿತ್ತು" ಅಂದೆ. ಅಷ್ಟೇ ಅಂದೆ.

30 ಜನವರಿ, ಮೈಸೂರು

ಫೋಟೋ ತೆಗೆದುಕೊಂಡು ಹೋಗಲು ಸುಮಿತ್ರಮ್ಮ ಆಫೀಸಿಗೆ ಬಂದಿದ್ದರು. "ಮಂಚಮ್ಮಂಗೆ ಕೆಸರೇಲಿ ಈಗ ಏನಂತಾರೆ ಗೊತ್ತಾ? ಹವಳದ ಕಳ್ಳಿ! ಸಂಘದ ಮಾನ ತೆಗೆದ್ಬುಟ್ಲು. ಒಂಬತ್ತನೇ ತಾರೀಕು ಮೀಟಿಂಗು. ಬೀಗದ ಕೈ ಈಸ್ಕೊತೀವಿ. ಕದಿಯೋ ಕೈಲಿ ಬೀಗದ ಕೈ ಎಂಗೆ ಬಿಡೋದು?"

ಸರ್ ನಕ್ಕರು. ನಾನು ಪ್ರಿಂಟರ್‌ಗೆ ಕಾಗದ ತುಂಬಿದೆ. ಅದು ಮೊದಲೇ ತುಂಬಿತ್ತು.

4 ಫೆಬ್ರವರಿ

ನಾಲ್ಕು ದಿನ ಬರೆದಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಅಮ್ಮ ಹೊಟ್ಟೆ ಸರಿಯಿಲ್ಲವಾ ಅಂತ ಜೀರಿಗೆ ಕಷಾಯ ಕೊಟ್ಟರು.

ಇವತ್ತು ಸರ್‌ಗೆ ಹೇಳಿಬಿಟ್ಟೆ. ಒಂದೇ ಉಸಿರಿಗೆ. ಹಾಳೆಯ ವಿಷಯ, ತಲೆ ಆಡಿಸಿದ ವಿಷಯ.

"ಅಷ್ಟೇನಾ? ಜೀವಂತ ಅನ್ನೋದು ತೆಗೆದ್ಬುಡು, ಮುಂದಿನ ಬ್ಯಾಚ್‌ಗೆ ಸರಿಹೋಗತ್ತೆ. ಸಂಘದಲ್ಲಿ ಮಾತ್ರ ಎತ್ತಬೇಡ. ಮಾರ್ಚ್‌ಗೆ ಅವರ ಕಡೆಯಿಂದಲೇ ಇನ್ನೊಂದು ಬಸ್ ಜನ ಬರ್ತಾವ್ರೆ. ಬಾಯಿ ಬಿಟ್ಯೋ, ಮಾರನೇ ದಿನದಿಂದ ಮನೇಲಿ ಬಕೆಟ್‌ಗೆ ಮುಖ ಹಾಕ್ಕೊಂಡು ಕೂತಿರು."

ಪದ ತೆಗೆದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

6 ಫೆಬ್ರವರಿ

ಆಫೀಸ್ ಮುಗಿಸಿ ಸ್ಕೂಟಿಯಲ್ಲಿ ಕೆಸರೆಗೆ ಹೋದೆ. ಮಂಚಮ್ಮನ ಬೀದಿಯನ್ನು ಎರಡು ಸಲ ದಾಟಿ ಹೋಗಿ, ಮೂರನೇ ಸಲ ನಿಲ್ಲಿಸಿದೆ.

ಜಗಲಿಯಲ್ಲಿ ಕೆಂಪಯ್ಯ, ಮಂಚಮ್ಮನ ಯಜಮಾನರು. "ಕಲ್ಲು ಅಂತ ನಾನಂದಿದ್ದೇ ತಪ್ಪಾಯ್ತು ಕಣಮ್ಮ. ಸುಮ್ನೆ ಹೂಂ ಅಂದಿದ್ರೆ ಆಗೋದು. ನಲವತ್ತು ವರ್ಷದಲ್ಲಿ ಒಂದ್ಸಲಾನೂ ಹೂಂ ಅನ್ನಲಿಲ್ಲ ನೋಡು, ಅದ್ಕೆ."

ಮಂಚಮ್ಮ ಕಾಫಿ ತಂದರು. ನೀವು ಯಾಕೆ ನನ್ನ ಹೆಸರು ಹೇಳಲಿಲ್ಲ ಅಂತ ಕೇಳಿದೆ.

"ಏನಂತ ಹೇಳ್ಲಿ? ಆ ಮಗ ತಲೆ ಆಡ್ಸ್ತು ಅಂತನಾ? ನಿಂದು ಹೊಸ ಕೆಲ್ಸ. ನಂದು ಹಳೇ ಮೂತಿ. ಬೈಸ್ಕೊಂಡ್ರೆ ಏನೂ ಸವೆಯಲ್ಲ ಬುಡು."

ನಕ್ಕರು. ಆದರೆ ಅಷ್ಟೂ ಹೊತ್ತು ಹುಣಸೆಹಣ್ಣು ಹಚ್ಚಿ ಬೀಗದ ಕೈ ಉಜ್ಜುತ್ತಿದ್ದರು. ಯಾಕೆ ಅಂದೆ.

"ವಾಪಸ್ ಕೊಡೋವಾಗ ಕಿಲುಬು ಇರ್ಬಾರ್ದಲ್ಲ."

9 ಫೆಬ್ರವರಿ, ಭಾನುವಾರ, ಬೆಳಿಗ್ಗೆ 11

ಸಂಘದ ಕಟ್ಟಡ. ಕೊನೇ ಸಾಲಿನ ಚಾಪೆ. ಮಾತಾಡಬೇಕಾದ್ದನ್ನು ಹಾಳೆಯಲ್ಲಿ ಬರೆದು ತಂದಿದ್ದೆ. 'ಅನಿವಾರ್ಯ ಕಾರಣಗಳಿಂದ' ಅಂತ ಇತ್ತು ಒಂದು ಕಡೆ. ಸುಳ್ಳು. ಹರಿದೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಈ ಡೈರಿಯಲ್ಲಿ ಗೀಚುತ್ತಿದ್ದೇನೆ. ಹಾಜರಿ ಕೂಗುತ್ತಿದ್ದಾರೆ. ಮೇಜಿನ ಮೇಲೆ ಬೀಗದ ಕೈ. ಹೊಸದರ ಹಾಗೆ ಹೊಳೆಯುತ್ತಿದೆ.

ಎದ್ದು ನಿಲ್ಲಬೇಕು. ಇನ್ನೂ ಕೂತೇ ಇದ್ದೇನೆ.

ಮಂಚಮ್ಮ ಬಂದು ಪಕ್ಕದಲ್ಲಿ ಕೂತರು. ಪುಸ್ತಕದೊಳಕ್ಕೆ ಇಣುಕಿ ನೋಡುತ್ತಿದ್ದಾರೆ.

"ಅಲ್ಲಿಗೆ ಹೋದಾಗ್ಲೂ ಇದ್ರಲ್ಲೇ ಬರೀತಿದ್ದೆ ಅಲ್ವಾ? ನಾ ಕೇಳಿದ್ದೂ ಬರ್ದಿದ್ದೀಯಾ?"

"ಹೂಂ."

"ನೀ ತಲೆ ಆಡ್ಸಿದ್ದು?"

"ಅದೂ."

"ಅಂಗಾರೆ ಅದ್ನೇ ಓದ್ಬುಡು ಮಗ. ಮಾತಾಡಕ್ಕೆ ಬಾರ್ದೆ ಇದ್ರೇನು, ನಿಂಗೆ ಓದಕ್ಕೆ ಬರಲ್ವಾ?"

ಯಾರಾದರೂ ಹೇಳುವುದು ಇದೆಯಾ ಅಂತ ಸುಮಿತ್ರಮ್ಮ ಕೇಳುತ್ತಿದ್ದಾರೆ. ಕೈ ಎತ್ತಿದ್ದೇನೆ. ಎಡಗೈ. ಬಲಗೈಯಲ್ಲಿ ಪೆನ್ನು. ಎಲ್ಲರೂ ತಿರುಗಿದ್ದಾರೆ. ಇಪ್ಪತ್ತೊಂದನೇ ತಾರೀಕಿನಿಂದ ಸಾಲದು. ಜನವರಿ ಒಂಬತ್ತರಿಂದಲೇ ಓದಬೇಕು, ಆ 'ಸತ್ತದ್ದು' ಇದ್ದ ಹಾಳೆಯಿಂದ. ಕೆಲಸ ಹೋದರೆ ಹೋ—